ಎಂಟನೇ ಮಹಡಿಯಲ್ಲಿ ಕಲಿತ ಮಾತು

ಆ ಊರಿನ ದೊಡ್ಡಾಸ್ಪತ್ರೆಯಲ್ಲಿ ನರ್ಸ್ ಆಗಬೇಕಾದರೆ ಚೀನೀ ಭಾಷೆ ಬರಲೇಬೇಕು. ಅದೇ ಆಸ್ಪತ್ರೆಯ ಎಂಟನೇ ಮಹಡಿಯಲ್ಲಿ ನರ್ಸ್ ಆಗಬೇಕಾದರೆ ಬರಲೇಬಾರದು. ನನ್ನನ್ನು ಆರಿಸಿದ್ದು ಎಂಟನೇ ಮಹಡಿಗೆ. ಸಂದರ್ಶನದಲ್ಲಿ ಒಬ್ಬ ಅಧಿಕಾರಿ ಏನೋ ಕೇಳಿದ. ನಾನು ಬೆಪ್ಪಾಗಿ ಅವನ ಬಾಯಿ ನೋಡಿದೆ. ಇನ್ನೇನೋ ಕೇಳಿದ, ಇನ್ನಷ್ಟು ಬೆಪ್ಪಾದೆ. ಅವನಿಗೆ ಎಷ್ಟು ಸಂತೋಷವಾಯಿತೆಂದರೆ ಎದ್ದು ನಿಂತು ಕೈ ಕುಲುಕಿದ. ಬಾಗಲಕೋಟೆಯಲ್ಲಿ ನಾಲ್ಕು ವರ್ಷ ನರ್ಸಿಂಗ್ ಓದಿದ್ದಕ್ಕೆ ಸಿಗದ ಮರ್ಯಾದೆ ನನ್ನ ದಡ್ಡತನಕ್ಕೆ ಸಿಕ್ಕಿತು.

ಆ ಊರಿನಲ್ಲಿ ಕೊನೆಗಾಲಕ್ಕೆ ಬಂದವರು ತಮ್ಮ ಒಂದು ಮಾತು ಯಾರಿಗಾದರೂ ಪೂರ್ತಿ ಅರ್ಥವಾಗುವವರೆಗೆ ಸಾಯುವುದಿಲ್ಲ. ಅರ್ಥವಾಯಿತೋ, ಹೊರಟರು. ಯಾರಾದರೂ ತೀರಿಕೊಂಡರೆ ಅಲ್ಲಿಯವರು 'ತಲುಪಿತು' ಎನ್ನುತ್ತಾರೆ. 'ಮೂರನೇ ಮನೆಯ ಅಜ್ಜನದು ತಲುಪಿತಂತೆ' ಅಂದರೆ ಅಜ್ಜ ಹೋದ ಎಂದು. ಯಾಕೆ ಹೀಗೆ ಎಂದು ಹೊಸದರಲ್ಲಿ ಒಬ್ಬಿಬ್ಬರನ್ನು ಕೇಳಿದೆ. ನಿಮ್ಮೂರಲ್ಲಿ ಹಾಗಲ್ಲವೇ ಎಂದು ಅವರೇ ನನ್ನನ್ನು ಕೇಳಿ ಕಣ್ಣರಳಿಸಿದರು. ಆಮೇಲೆ ಕೇಳುವುದನ್ನು ಬಿಟ್ಟೆ.

ಮನಸ್ಸು ಗಟ್ಟಿ ಇರುವ ಮನೆಯವರು ಒಂದು ದಿನ ಗೊತ್ತುಮಾಡುತ್ತಾರೆ. ಮುದುಕರಿಗೆ ಸ್ನಾನ ಮಾಡಿಸಿ, ತಲೆ ಬಾಚಿ, ಒಗೆದ ಬಟ್ಟೆ ಉಡಿಸಿ ಎಲ್ಲರೂ ಸುತ್ತ ಕೂತು, 'ಈಗ ಹೇಳು' ಎನ್ನುತ್ತಾರೆ. ಮನಸ್ಸು ಗಟ್ಟಿ ಇಲ್ಲದವರು ಎಂಟನೇ ಮಹಡಿಗೆ ತರುತ್ತಾರೆ. ಅಲ್ಲಿ ನಮ್ಮಂಥವರಿದ್ದೇವೆ. ನೇಪಾಳದವರು, ಘಾನಾದವರು, ಬೀದರಿನ ಸಲೋಮಿ, ಬಾಗಲಕೋಟೆಯ ನಾನು, ಮಹಾನಂದಾ. ಮುದುಕರು ದಿನವಿಡೀ ನಮ್ಮೆದುರು ಮಾತಾಡುತ್ತಾರೆ, ನಮಗೆ ಒಂದಕ್ಷರ ತಿಳಿಯುವುದಿಲ್ಲ, ಅವರು ಬದುಕಿರುತ್ತಾರೆ. ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳದಂತೆ ಮಂಚಕ್ಕೊಂದು ಕೋಣೆ. ನೀರು, ಬೆಡ್‌ಪ್ಯಾನು, ದಿಂಬು, ನೋವು ಇವಕ್ಕೆಲ್ಲ ಚಿತ್ರವಿರುವ ಕಾರ್ಡು. ಬೆರಳಿಟ್ಟು ತೋರಿಸಿದರೆ ಸಾಕು. ಮನೆಯವರು ನೋಡಲು ಬರುವಾಗ ಕಿವಿಗೆ ಮೇಣ ತುಂಬಿ ಮೇಲೆ ಹತ್ತಿ ಇಟ್ಟುಕೊಂಡು ಬರುತ್ತಾರೆ. ಅವರು ತಮ್ಮವರೊಂದಿಗೆ ಎಷ್ಟು ಬೇಕಾದರೂ ಮಾತಾಡಬಹುದು. ಕೇಳಿಸಿಕೊಳ್ಳುವ ಹಾಗಿಲ್ಲ, ಅಷ್ಟೇ.

ಮನುಷ್ಯನ ಕಿವಿ ಸುಮ್ಮನೆ ಕೂರುವ ಅಂಗವಲ್ಲವಲ್ಲ. ವರ್ಷಗಟ್ಟಲೆ ಒಂದೇ ಭಾಷೆ ಬೀಳುತ್ತಿದ್ದರೆ ಬೇಡವೆಂದರೂ ಕಲಿಯುತ್ತದೆ. ಅದಕ್ಕೇ ಆರು ತಿಂಗಳಿಗೊಮ್ಮೆ ನಮಗೆ ಪರೀಕ್ಷೆ. ಫುಂಗ್ ಎಂಬ ನಿವೃತ್ತ ಮೇಷ್ಟ್ರು ಬಂದು ಎದುರಿಗೆ ಕೂತು ಒಂದು ಕಥೆ ಓದುತ್ತಿದ್ದರು. ಮೊದಲು ನಗಿಸುವ ಕಥೆ, ಆಮೇಲೆ ಅಳಿಸುವ ಕಥೆ. ಓದುತ್ತ ನಮ್ಮ ಮುಖ ನೋಡುತ್ತಿದ್ದರು. ಮುಖ ಅಲುಗಿದರೆ ಪಾಸು. ಪಾಸಾದರೆ ಎಂಟನೇ ಮಹಡಿಯಿಂದ ಕೆಳಗಿನ ವಾರ್ಡಿಗೆ ವರ್ಗ. ಅಲ್ಲಿ ಆರು ತಿಂಗಳೊಳಗೆ ಭಾಷೆಯ ನಿಜವಾದ ಪರೀಕ್ಷೆ ಮುಗಿಸಬೇಕು, ಇಲ್ಲದಿದ್ದರೆ ಊರಿಗೆ ವಾಪಸು. ನನಗೆ ಊರೆಂದರೆ ಅಣ್ಣನ ಮನೆ, ಅದರಲ್ಲೂ ಅತ್ತಿಗೆಯ ಅಡಿಗೆಮನೆ. ಹಾಗಾಗಿ ಭಾಷೆ ಕಲಿಯದಿರಲು ನಾನು ಬಹಳ ಕಷ್ಟಪಟ್ಟೆ. ರೋಗಿ ಬಾಯಿ ತೆರೆದ ಕೂಡಲೇ ಮನಸ್ಸಿನಲ್ಲಿ ಮಗ್ಗಿ ಶುರುಮಾಡುತ್ತಿದ್ದೆ. ಹದಿನೇಳೊಂದ್ಲ ಹದಿನೇಳು, ಹದಿನೇಳೆರಡ್ಲ ಮೂವತ್ನಾಕು. ಹದಿನೇಳರ ಮಗ್ಗಿ ಯಾಕೆಂದರೆ ಅದು ನನಗೆ ಚೆನ್ನಾಗಿ ಬರುವುದಿಲ್ಲ, ಯೋಚಿಸಬೇಕಾಗುತ್ತದೆ. ಸಲೋಮಿ ಒಳಗೊಳಗೇ ಚರ್ಚಿನ ಹಾಡು ಹೇಳಿಕೊಳ್ಳುತ್ತಿದ್ದಳು. ಹೀಗೆ ಎರಡು ವರ್ಷ ನಾಲ್ಕು ಪರೀಕ್ಷೆ ಫೇಲಾಗಿ ಒಳ್ಳೆಯ ಹೆಸರು ತೆಗೆದುಕೊಂಡೆ.

ಹನ್ನೊಂದನೇ ಮಂಚದ ಮುದುಕಿ ನಾನು ಸೇರಿದ ವಾರವೇ ಬಂದವಳು. ಎಂಬತ್ತನಾಲ್ಕು ವರ್ಷ. ಎಲ್ಲರೂ ಪೋಪೋ ಎನ್ನುತ್ತಿದ್ದರು, ಅಜ್ಜಿ ಎಂದರ್ಥ. ಯಾವುದೋ ದ್ವೀಪದಿಂದ ಹದಿನಾರನೇ ವಯಸ್ಸಿಗೆ ದೋಣಿ ಹತ್ತಿ ಬಂದವಳಂತೆ. ಮೂವತ್ತು ವರ್ಷ ಕಾರ್ಖಾನೆಯಲ್ಲಿ ಕೂತು ಎನಾಮೆಲ್ ಬೋಗುಣಿಗಳ ಮೇಲೆ ಕೆಂಪು ಹೂವು ಬರೆದಿದ್ದಳು. ಈಗ ಕಾಲೆರಡೂ ಊದಿ ಮಂಚದ ಮೇಲೇ. ಬೆನ್ನಿನಲ್ಲಿ ಹುಣ್ಣು. ಮಗ್ಗುಲು ಹೊರಳಿಸುವಾಗ ಹಲ್ಲು ಕಚ್ಚಿ ಹಿಡಿಯುತ್ತಿದ್ದಳು, ಹೊರಳಿಸಿದ ಮೇಲೆ ನನ್ನ ಕೈ ತಟ್ಟುತ್ತಿದ್ದಳು, ನೋವಾದದ್ದು ನನಗೇನೋ ಎಂಬಂತೆ.

ಅವಳ ಮಗಳು ಸುಕ್ ಹಿಂಗ್. ಅರವತ್ತರ ಹತ್ತಿರದವಳು, ಮದುವೆಯಾಗಲಿಲ್ಲ, ಗುಂಡಿ ಮಾರುವ ಅಂಗಡಿ ಇಟ್ಟುಕೊಂಡಿದ್ದಳು. ಅಂಗಿಯ ಗುಂಡಿ, ಕೋಟಿನ ಗುಂಡಿ, ಚಿಪ್ಪಿನ ಗುಂಡಿ. ಬೇರೆ ದೇಶದ ದರ್ಜಿಗಳೂ ಬರುತ್ತಿದ್ದರಿಂದ ಇಂಗ್ಲಿಷು ಬರುತ್ತಿತ್ತು, ನನ್ನೊಡನೆ ಅದರಲ್ಲೇ ಮಾತು. ದಿನಾ ಹನ್ನೊಂದು ಗಂಟೆಗೆ ಅಂಗಡಿಯ ಬಾಗಿಲು ಎಳೆದು ಬಂದು ಕಿವಿಗೆ ಹತ್ತಿ ಇಟ್ಟುಕೊಂಡು ಅಮ್ಮನ ಪಕ್ಕ ಕೂರುತ್ತಿದ್ದಳು. ಕಿವುಡರ ಹಾಗೆ ಜೋರು ದನಿಯಲ್ಲಿ ಏನೇನೋ ಹೇಳುತ್ತಿದ್ದಳು. ಪೋಪೋ ಉತ್ತರ ಕೊಡುತ್ತಿದ್ದಳು. ಸುಕ್ ಹಿಂಗ್‌ಗೆ ಏನೂ ಕೇಳಿಸುತ್ತಿರಲಿಲ್ಲ, ಆದರೂ ಅಮ್ಮನ ತುಟಿ ಅಲುಗುವುದು ನಿಂತಾಗ ಹೂಂ ಎಂದು ತಲೆಯಾಡಿಸುತ್ತಿದ್ದಳು. ತುಟಿಯಿಂದ ಮಾತು ತಿಳಿದುಬಿಟ್ಟೀತೆಂದು ಅಮ್ಮನ ಮುಖದ ಬದಲು ಹೊದಿಕೆಯನ್ನು ನೋಡುತ್ತಿದ್ದಳು.  ಮೊದಲ ವರ್ಷ ನನಗೆ ಅದನ್ನು ನೋಡಲಾಗುತ್ತಿರಲಿಲ್ಲ, ಆಮೇಲೆ ರೂಢಿಯಾಯಿತು.

ಎಲ್ಲ ಕೆಟ್ಟದ್ದು ಒಂದು ನಗುವಿನಿಂದ. ಡಾಕ್ಟರು ಎಂದಿನಂತೆ ಕಿವಿಗೆ ಹತ್ತಿ ಇಟ್ಟುಕೊಂಡು, ಹೊಸ ಬೂಟು ಹಾಕಿಕೊಂಡು ಬಂದಿದ್ದರು, ಹೆಜ್ಜೆ ಇಟ್ಟಲ್ಲೆಲ್ಲ ಕ್ವಾಕ್ ಕ್ವಾಕ್ ಸದ್ದು. ಪೋಪೋ ತನ್ನಷ್ಟಕ್ಕೆ ಏನೋ ಅಂದಳು. ನಾನು ಹದಿನೇಳಾರ್ಲ ಹತ್ತಿರ ತಡವರಿಸುತ್ತಿದ್ದೆ. ಸಂದಿಯಲ್ಲಿ 'ಬಾತುಕೋಳಿ' ಮತ್ತು 'ಕಾಲು' ಎಂಬ ಎರಡು ಪದ ನುಸುಳಿದವು. ಕಿಸಕ್ಕನೆ ನಕ್ಕುಬಿಟ್ಟೆ. ನಕ್ಕ ಕೂಡಲೇ ಅವಳ ನಾಡಿ ಹಿಡಿದು ನೋಡಿದೆ. ಪೋಪೋಗೆ ಏನೂ ಆಗಲಿಲ್ಲ. ಅರ್ಧ ಅರ್ಥವಾದರೆ ಯಾರೂ ಅರ್ಧ ಸಾಯುವುದಿಲ್ಲ. ಆದರೆ ಅವಳು ನನ್ನನ್ನು ನೋಡಿದ ರೀತಿ ನಾನು ಮರೆಯಲಾರೆ. ಎರಡು ವರ್ಷ ಗೋಡೆ ತಟ್ಟಿದವಳಿಗೆ ಆಚೆ ಕಡೆಯಿಂದ ಯಾರೋ ತಟ್ಟಿದ ಹಾಗೆ ನೋಡಿದಳು.

ಮರುದಿನದಿಂದ ಪಾಠ ಶುರುವಾಯಿತು. ಕಿಟಕಿ ತೋರಿಸಿ ಒಂದು ಪದ ಹೇಳುವಳು. ನಾನು ಹೇಳುವವರೆಗೆ ಗಂಜಿಗೆ ಬಾಯಿ ತೆರೆಯುವುದಿಲ್ಲ. ಬಾಚಣಿಗೆ, ಕೈ, ಬಿಸಿ, ತಣ್ಣಗೆ. ಬಿಡಿ ಪದ ತಿಳಿದರೆ ಯಾರೂ ಸಾಯುವುದಿಲ್ಲ, ಪೂರ್ತಿ ಮಾತು ತಿಳಿಯಬೇಕು. ತಪ್ಪು ಹೇಳಿದರೆ ಬೆರಳಿನ ಗೆಣ್ಣಿಗೆ ಒಂದು ಪೆಟ್ಟು. ನಾನು ಯಾಕೆ ಕಲಿತೆ? ಇಷ್ಟು ದಿನ ಮಗ್ಗಿ ಹೇಳಿದವಳು ಯಾಕೆ ಮಗ್ಗಿ ಬಿಟ್ಟೆ? ನಿಜ ಹೇಳುತ್ತೇನೆ, ಒಂಟಿಯಾಗಿದ್ದೆ. ಆ ಊರಿನಲ್ಲಿ ಸಲೋಮಿಯನ್ನು ಬಿಟ್ಟರೆ ಎರಡು ವರ್ಷದಿಂದ ನನ್ನ ಮುಖ ನೋಡಿ ನನಗೇ ಎಂದು ಒಂದು ಮಾತು ಆಡಿದವರು ಬೇರೆ ಯಾರೂ ಇರಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಸಣ್ಣಪುಟ್ಟ ಮಾತಿನ ತುದಿ ಮೊದಲು ಸಿಗತೊಡಗಿತು. ಪೂರ್ತಿ ಸಿಗುವ ಮುಂಚೆ ಮಗ್ಗಿ ಹಿಡಿಯುತ್ತಿದ್ದೆ. ಪೋಪೋ ಮಾತನ್ನು ನಾನು ಇಲ್ಲಿ ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತೇನೆ. ಬೇರೆ ರೀತಿ ಅದು ನನಗೆ ಕೇಳಿಸುವುದಿಲ್ಲ. ಅದು ಪೇಟೆಯವರ ಚೀನೀ ಅಲ್ಲ, ದ್ವೀಪದ ಬೆಸ್ತರ ಮಾತು. ಆ ದ್ವೀಪದಲ್ಲಿ ಈಗ ಯಾರೂ ಇಲ್ಲವಂತೆ. ಪೇಟೆಯ ಶಾಲೆಗೆ ಹೋದ ಅವಳ ಮಗಳಿಗೂ ಅದು ಕಿವಿಗೆ ತಿಳಿಯುತ್ತಿತ್ತೇ ಹೊರತು ಬಾಯಿಗೆ ಬರುತ್ತಿರಲಿಲ್ಲ.

"ಆಕಿ ನಿನಗ ಯಾಕ ಕಲಸಲತಾಳ ಅಂತ ತಿಳದದೇನು ನಿನಗ?" ಎಂದು ಸಲೋಮಿ ಒಂದು ದಿನ ಲಿನನ್ ಕೋಣೆಯಲ್ಲಿ ಬಾಗಿಲು ಹಾಕಿ ಕೇಳಿದಳು.

"ಹೊತ್ತ ಹೋಗ್ಲಿ ಅಂತ."

"ಹೊತ್ತಲ್ಲ, ತಾನೇ ಹೋಗ್ಲತಾಳ. ನಿನ್ನ ಕಿವೀನೇ ಬಾಗಲಾ ಮಾಡ್ಕೊಂಡು ಹೊರಗ ಹೋಗ್ಬೇಕಂತ ಮಾಡ್ಯಾಳ. ಹುಚ್ಚಿ, ಅಷ್ಟೂ ತಿಳೀಲಿಲ್ಲೇನು?"

ತಿಳಿದಿರಲಿಲ್ಲ.  ಆವತ್ತಿನಿಂದ ಮತ್ತೆ ಮಗ್ಗಿ ಬಿಗಿಯಾಗಿ ಹಿಡಿದೆ. ಪೋಪೋ ಕಿಟಕಿ ತೋರಿಸಿದರೆ ನಾನು ನೆಲ ನೋಡಿದೆ. ಮೂರು ದಿನ ಕಾದಳು. ನಾಲ್ಕನೇ ದಿನ ಗೋಡೆಯ ಕಡೆ ಹೊರಳಿ ಮಲಗಿದಳು, ಗಂಜಿಗೆ ಬಾಯಿ ತೆರೆಯಲಿಲ್ಲ. ಡ್ರೆಸಿಂಗ್ ಬದಲಾಯಿಸಲು ಬೆನ್ನಿನ ಬಟ್ಟೆ ಸರಿಸಿದೆ. ಹುಣ್ಣು ಆಳಕ್ಕಿಳಿದು ಅಂಚು ಕಪ್ಪಾಗಿತ್ತು. ಹದಿನೈದು ವರ್ಷ ನರ್ಸ್ ಕೆಲಸ ಮಾಡಿದವಳು ನಾನು, ಇಂಥ ಬೆನ್ನಿರುವವರು ಬದುಕಿರುವುದಿಲ್ಲ ಎಂದು ಗೊತ್ತು. ನನ್ನ ಬೆಪ್ಪುತನವೇ ಅವಳನ್ನು ಇಷ್ಟು ದಿನ ಹಿಡಿದು ಕೂರಿಸಿತ್ತು. ಆ ಸಂಜೆ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಮರುದಿನ ನಾನೇ ಕಿಟಕಿ ತೋರಿಸಿ ಪದ ಹೇಳಿದೆ.

ಸುಕ್ ಹಿಂಗ್ ಅದನ್ನು ಕಂಡಳು. ಯಾವತ್ತಿಗಿಂತ ಬೇಗ ಬಂದಿದ್ದಳು. ನಾನು ಅವಳಮ್ಮನ ತಲೆ ಬಾಚುತ್ತ ಬಾಚಣಿಗೆಯ ಹೆಸರು ಹೇಳುತ್ತಿದ್ದೆ. ಹತ್ತಿಯಿದ್ದ ಕಿವಿಗೆ ಕೇಳಿಸಿರಲಾರದು, ಆದರೆ ಮುದುಕಿ ನಗುವುದನ್ನು ನೋಡಿದಳು. ಎರಡು ವರ್ಷದಿಂದ ನಗದವಳು ನಗುತ್ತಿದ್ದಾಳೆಂದರೆ ಏನೆಂದು ತಿಳಿಯದಷ್ಟು ದಡ್ಡಿಯಲ್ಲ ಅವಳು. ನನ್ನ ತೋಳು ಹಿಡಿದು ವರಾಂಡಕ್ಕೆ ಎಳೆದುಕೊಂಡು ಹೋಗಿ ಹತ್ತಿ, ಮೇಣ ಕಿತ್ತಳು.

"ಕಲಿತಾ ಇದೀಯ ಅಲ್ವಾ?"

ನಾನು ಕೈಯಲ್ಲಿದ್ದ ಬಾಚಣಿಗೆಯನ್ನು ಜೇಬಿಗೆ ಹಾಕಿಕೊಂಡೆ.

"ನಿನ್ನ ಕೈ ಮುಗೀತೀನಿ, ಕಲೀಬೇಡ. ಇನ್ನೆರಡು ವಾರಕ್ಕೆ ಪರೀಕ್ಷೆ. ಫೇಲಾಗಿ ಇಲ್ಲೇ ಇರು, ಕಿವಿ ಮುಚ್ಚಿಕೊಂಡು ಇರು. ಮನೇಲಿ ಎರಡು ಬಟ್ಟಲಿಡ್ತೀನಿ ನಾನು ಈಗಲೂ. ಒಂದೇ ಬಟ್ಟಲಿಡೋದು ನನ್ನ ಕೈಲಾಗಲ್ಲ."

"ನಿಮ್ಮಮ್ಮನಿಗೆ ನೋವಿದೆ," ಎಂದೆ.

"ಗೊತ್ತು."

"ನಿಮಗೇ ಏನೋ ಹೇಳಬೇಕು ಅವರಿಗೆ. ದಿನಾ ಹೇಳ್ತಾರೆ. ನೀವು ಕೇಳದೆ ಹೊದಿಕೆ ನೋಡ್ತೀರಿ. ಆ ಮಾತು ನನ್ನ ಕಿವಿಗೆ ಬೀಳಬೇಕಾದ್ದಲ್ಲ ಅಕ್ಕಾ, ನಿಮ್ಮ ಕಿವಿಗೆ."

"ಗೊತ್ತು ಅಂದ್ನಲ್ಲ!" ಎಂದು ಕಿರುಚಿ ಅಲ್ಲೇ ಬೆಂಚಿನ ಮೇಲೆ ಕುಸಿದಳು. ಆಸ್ಪತ್ರೆಗೆ ಸೇರಿಸಿದ ದಿನ ಅಮ್ಮ ದಾರಿಯುದ್ದಕ್ಕೂ ಮುಖ ತಿರುಗಿಸಿ ಕೂತಿದ್ದಳಂತೆ. ಮನೆಯಲ್ಲೇ ತಲುಪಿಸು ಎಂದು ಕೊನೆಗಾಲ ಬರುವ ಮುಂಚೆಯೇ ಕೇಳಿಕೊಂಡಿದ್ದವಳನ್ನು ಇವಳು ಎತ್ತಿಕೊಂಡು ಬಂದಿದ್ದಳು. ಈಗ ಕಿವಿ ತೆರೆದರೆ ಬೈಗುಳ ಬಿದ್ದೀತೋ, ಶಾಪ ಬಿದ್ದೀತೋ. "ಏನೇ ಅಂದ್ರೂ ಅದೇ ಕಡೇದಾಗುತ್ತಲ್ಲ ಸಿಸ್ಟರ್," ಎಂದಳು. 

ಹೀಗೆ ನಾನು ಫೇಲಾಗಬೇಕೆಂದು ಮಗಳಿಗೆ ಆಸೆ. ತಾಯಿಗೂ ನಾನು ಫೇಲಾಗಲೇಬೇಕು. ಪಾಸಾಗಿ ನಾನು ಕೆಳಗೆ ಹೋದರೆ ಹೊಸ ನರ್ಸು ಬರುತ್ತಾಳೆ, ಅವಳಿಗೆ ಮತ್ತೆ ಕಿಟಕಿಯಿಂದ ಶುರುಮಾಡಬೇಕು. ಆ ಬೆನ್ನಿಟ್ಟುಕೊಂಡು ಇನ್ನೆಷ್ಟು ವರ್ಷ? ಪರೀಕ್ಷೆಯ ದಿನ ಬೆಳಿಗ್ಗೆ ಪೋಪೋ ನನ್ನ ಕೆನ್ನೆ ಎರಡೂ ಹಿಡಿದು ಕೆಳಗೆ ಎಳೆದು ಮುಖ ಜೋಲುಮಾಡಿ ತೋರಿಸಿದಳು, ಹೀಗಿಟ್ಟುಕೋ ಎಂದು.

ಫುಂಗ್ ಮೇಷ್ಟ್ರು ನಗಿಸುವ ಕಥೆಯಲ್ಲಿ ಒಬ್ಬ ಕ್ಷೌರಿಕ ಮಾವನ ಮೀಸೆ ಬೋಳಿಸಿದ್ದನ್ನು ಓದಿದರು. ಪೇಟೆಯ ಮಾತಾದರೂ ನನಗೆ ಮುಕ್ಕಾಲು ತಿಳಿಯಿತು. ಒಳಗೆ ನಗು ಒತ್ತರಿಸಿ ಬಂತು, ಕಾಲಿನ ಹೆಬ್ಬೆರಳಿನಿಂದ ಇನ್ನೊಂದು ಕಾಲು ತುಳಿದುಕೊಂಡೆ. ಅಳಿಸುವ ಕಥೆ ಒಬ್ಬ ಹೆಂಗಸು ತನ್ನ ಹಡಗು ತಪ್ಪಿಸಿಕೊಂಡಿದ್ದು. ಅವಳು ದಂಡೆಯ ಮೇಲೆ ನಿಂತು ಹಡಗಿನವರಿಗೆ ಕೈಬೀಸುತ್ತಾಳೆ, ಅವರು ಬೀಳ್ಕೊಡುತ್ತಿದ್ದಾಳೆಂದು ತಿಳಿದು ವಾಪಸು ಕೈಬೀಸುತ್ತಾರೆ. ಮಗ್ಗಿ ಬಾಯಿಗೆ ಬರಲಿಲ್ಲ, ಕಲ್ಲಾಗಿ ಕೂತೆ. ಮೇಷ್ಟ್ರು ಓದು ಮುಗಿಸಿ ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನನ್ನ ಮುಖವನ್ನೇ ನೋಡಿದರು. ಆಮೇಲೆ ಕಾಗದದ ಮೇಲೆ ಫೇಲ್ ಎಂದು ಬರೆದರು.

ಆ ಸಂಜೆ ಸುಕ್ ಹಿಂಗ್ ನನಗಾಗಿ ಬಿಸಿ ಎಳ್ಳಿನ ಪಾಯಸ ತಂದಳು. ನಾನು ಮುಟ್ಟಲಿಲ್ಲ. "ಇದು ಫೇಲಾಗಿದ್ದಕ್ಕಾದರೆ ಬೇಡ. ನಾನು ಫೇಲಾಗಿದ್ದು ನಿಮಗೋಸ್ಕರ ಅಲ್ಲ," ಎಂದೆ. ಅವಳು ಬಟ್ಟಲನ್ನು ಕೈಯಲ್ಲೇ ಹಿಡಿದು ನಿಂತಳು. ಆಮೇಲೆ ಪ್ರತಿದಿನ ಅದೇ ಮಾತಾಯಿತು. ನಾನು ಯಾವಾಗ ಎಂದು ಕೇಳುವುದು, ಅವಳು ನಾಳೆ ಎನ್ನುವುದು. ಚಳಿ ಶುರುವಾಯಿತು. ಕೊನೆಗೊಂದು ಬುಧವಾರ ಅಮ್ಮನ ಬೆನ್ನು ನೋಡಲು ತಾನೇ ಕೇಳಿದಳು. ನಾನು ಬಟ್ಟೆ ಸರಿಸಿದೆ. ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು, "ಭಾನುವಾರ," ಎಂದಳು. "ಭಾನುವಾರ ಬೆಳಿಗ್ಗೆ. ಒಗೆದ ಬಟ್ಟೆ ತರ್ತೀನಿ. ಹತ್ತಿ ಇಟ್ಟುಕೊಳ್ಳದೆ ಬರ್ತೀನಿ."

ಇದನ್ನು ಪೋಪೋಗೆ ನಾನೇ ಹೇಳಿದೆ, ಅವಳು ಕಲಿಸಿದ ಮಾತಿನಲ್ಲೇ. "ಭಾನುವಾರ ಮಗಳು. ಕಿವಿ ತೆರದ." ಇಷ್ಟೇ. ಅವಳು ನನ್ನ ಕೈಯನ್ನು ಎದೆಗೆ ಒತ್ತಿಕೊಂಡಳು. ಅಂದಿನಿಂದ ಇಬ್ಬರೂ ಬಹಳ ಹುಷಾರಾದೆವು. ಅವಳು ಮಾತೇ ಆಡುತ್ತಿರಲಿಲ್ಲ, ಭಾನುವಾರಕ್ಕೆಂದು ಎಲ್ಲ ಮಾತನ್ನೂ ಬಾಯಲ್ಲಿ ಕೂಡಿಟ್ಟುಕೊಂಡಿದ್ದಳು. ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದಳು, ಏನು ಹೇಳಬೇಕೆಂದು ಜೋಡಿಸಿಕೊಳ್ಳುತ್ತಿದ್ದಳೋ ಏನೋ. ಗುರುವಾರ ಕಳೆಯಿತು.

ಶುಕ್ರವಾರ ಬೆಳಿಗ್ಗೆ ಹತ್ತೂವರೆ. ಬಿಸಿಲು ಚೆನ್ನಾಗಿತ್ತು. ಆಯಾ ನನ್ನ ಚಹಾ ತಂದು ಕಿಟಕಿಯ ಕಟ್ಟೆಯ ಮೇಲಿಟ್ಟು ಹೋಗಿದ್ದಳು. ನಾನು ಪೋಪೋ ತಲೆಯ ಹಿಂದಿನ ಸಿಕ್ಕು ಬಿಡಿಸುತ್ತಿದ್ದೆ, ಭಾನುವಾರಕ್ಕೆ ಸರಿಯಾಗಿ ಜಡೆ ಹಾಕಬೇಕಲ್ಲ ಎಂಬ ಯೋಚನೆಯಲ್ಲಿದ್ದೆ. ಅವಳು ಕಟ್ಟೆಯ ಕಡೆ ನೋಡಿ, ಯಾವ ಯೋಚನೆಯೂ ಇಲ್ಲದೆ, ಮನೆಯಲ್ಲಿ ಹೇಳುವ ಹಾಗೆ ಹೇಳಿದಳು:

"ಚಾ ಆರಾಕತ್ತೈತೆವಾ, ಕುಡದ ಬಿಡ."

"ಹೂಂ ಬೇ, ಕುಡೀತೇನಿ," ಎಂದೆ ನಾನು, ಅವಳ ಮಾತಿನಲ್ಲೇ.

ಅಂದ ಮೇಲೆ ಬಾಚಣಿಗೆ ನಿಂತಿತು. ಪೋಪೋ ತಿರುಗಿ ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ. ಇಬ್ಬರಿಗೂ ಒಂದೇ ಸಲ ತಿಳಿಯಿತು. ದೊಡ್ಡ ಮಾತಿಗೆ ಅಷ್ಟು ಕಾವಲಿಟ್ಟವರು ನಾವು, ಇಂಥ ಮಾತು ಬಾಗಿಲಲ್ಲಿ ನಿಂತಿದ್ದು ಕಾಣಲೇ ಇಲ್ಲ. ಅವಳು "ಅಯ್ಯ" ಎನ್ನುವ ಹಾಗೆ ಬಾಯಿ ತೆರೆದಳು. ಬಾಗಿಲಿನ ಕಡೆ ನೋಡಿದಳು. ಮಗಳು ಬರಲು ಇನ್ನೂ ಅರ್ಧ ಗಂಟೆಯಿತ್ತು. ಹದಿನೇಳೊಂದ್ಲ ಹದಿನೇಳು ಎಂದು ನಾನು ಜೋರಾಗಿ ಹೇಳತೊಡಗಿದೆ, ಕೇಳಿದ್ದನ್ನು ಹಿಂದಕ್ಕೆ ಹಾಕಬಹುದೇನೋ ಎಂಬಂತೆ. ಹದಿನೇಳ್ಮೂರ್ಲ ಹೇಳುವಾಗ ಅವಳ ತಲೆ ನನ್ನ ಅಂಗೈಗೆ ಭಾರವಾಯಿತು.

ಸುಕ್ ಹಿಂಗ್ ಹನ್ನೊಂದಕ್ಕೆ ಬಂದಳು. ಮಂಚ ನೋಡಿದಳು, ನನ್ನನ್ನು ನೋಡಿದಳು. ಹತ್ತಿ ಕಿತ್ತಾಗ ಮೇಣ ಒಳಗೇ ಉಳಿಯಿತು, ನಾನು ಚಿಮಟಿಯಿಂದ ತೆಗೆದೆ. ಬೈಯಲಿಲ್ಲ, ಅಳಲೂ ಇಲ್ಲ.

"ಏನಂದ್ಳು?" ಎಂದಳು.

ಏನು ಹೇಳಲಿ? ನಿನ್ನ ಮೇಲೆ ಸಿಟ್ಟಿಲ್ಲ ಎಂದಳು, ನಿನಗೆ ಹರಸಿದಳು ಎಂದು ಹೇಳಿಬಿಡಬಹುದಿತ್ತು. ನಾಲಗೆಯ ತುದಿಯವರೆಗೆ ಬಂದಿತ್ತು. ಮಗಳಿಗೆ ಹೇಳಬೇಕಾದದ್ದನ್ನೆಲ್ಲ ಆ ಮುದುಕಿ ಎರಡು ವರ್ಷ ದಿನಾ ಹೇಳಿದ್ದಳು, ಮಗಳು ಹತ್ತಿ ಇಟ್ಟುಕೊಂಡಿದ್ದಳು, ನಾನು ಮಗ್ಗಿ ಹೇಳುತ್ತಿದ್ದೆ. ಎಲ್ಲ ಗಾಳಿಗೆ ಹೋಯಿತು. ಕೈಗೆ ಸಿಕ್ಕಿದ್ದು ಇಷ್ಟೇ. "ನಿಮಗೆ ಅಂತ ಏನೂ ಹೇಳಲಿಲ್ಲ ಅಕ್ಕಾ. ನನ್ನ ಚಹಾ ತಣ್ಣಗಾಗ್ತಿದೆ, ಕುಡಿ ಅಂದರು," ಎಂದು ಇಂಗ್ಲಿಷಿನಲ್ಲಿ ಹೇಳಿದೆ.

"ಹಾಗಲ್ಲ. ಅವಳು ಅಂದ ಹಾಗೇ ಹೇಳು."

"ಚಾ ಆರಾಕತ್ತೈತೆವಾ, ಕುಡದ ಬಿಡ," ಎಂದೆ.

ಅವಳು ತಟ್ಟನೆ ಅಮ್ಮನ ಮುಖದ ಕಡೆ ತಿರುಗಿದಳು. ಆ ಭಾಷೆಯಲ್ಲಿ ನನಗೆ ಬರುತ್ತಿದ್ದದ್ದೆಲ್ಲ ಪೋಪೋ ಬಾಯಿಂದ ಬಂದದ್ದೇ. ಅವಳು ಎಳೆದಲ್ಲಿ ನಾನೂ ಎಳೆಯುತ್ತಿದ್ದೆ, ಅವಳು ನುಂಗಿದ್ದನ್ನು ನುಂಗುತ್ತಿದ್ದೆ. ದ್ವೀಪದ ಬೆಸ್ತರ ಹುಡುಗಿ ದೋಣಿಯಿಂದ ಇಳಿದು ಬಂದಾಗ ಹೇಗೆ ಮಾತಾಡುತ್ತಿದ್ದಳೋ ಹಾಗೆ. ನನಗದು ಗೊತ್ತಿರಲಿಲ್ಲ, ಬೇರೆ ಚೀನೀ ನಾನು ಕಲಿತವಳೇ ಅಲ್ಲವಲ್ಲ. ಸುಕ್ ಹಿಂಗ್ ಎರಡು ವರ್ಷದಿಂದ ಅಮ್ಮನ ದನಿ ಕೇಳಿರಲಿಲ್ಲ.

"ಇನ್ನೊಂದ್ಸಲ," ಎಂದಳು. ಹೇಳಿದೆ. "ಇನ್ನೊಂದ್ಸಲ." ಹೇಳಿದೆ. "ನಾನು ಶಾಲೆಗೆ ಹೋಗೋವಾಗ ದಿನಾ ಹೀಗೇ ಅಂತಿದ್ಳು," ಎಂದು ತಾಯಿಯ ಮಂಚದ ಅಂಚಿನಲ್ಲಿ ಕೂತಳು. "ಅದು ನನಗೇ ಹೇಳಿದ್ದು."

ನನಗೆ ಮಾತು ತಿಳಿಯುತ್ತದೆಂದು ಗೊತ್ತಾಯಿತಲ್ಲ, ನನ್ನನ್ನು ಮೂರನೇ ಮಹಡಿಗೆ, ಮೂಳೆ ಮುರಿದವರ ವಾರ್ಡಿಗೆ ಹಾಕಿದರು. ನಾನು ಬಾಯಿ ತೆರೆದರೆ ರೋಗಿಗಳು ನಗುತ್ತಿದ್ದರು. ಮೂವತ್ತೇಳು ವರ್ಷದ ಕಪ್ಪು ಹೆಂಗಸು, ತಮ್ಮ ಮುತ್ತಜ್ಜಿಯ ಕಾಲದ ದೋಣಿ ಮಾತು. ಕಾಲಿಗೆ ಪ್ಲಾಸ್ಟರು ಹಾಕಿಸಿಕೊಂಡ ಒಬ್ಬ ಪೊಲೀಸಿನವನು ನಗು ತಡೆಯಲಾರದೆ ನರಳಿದ. ನಗದವಳು ಒಬ್ಬಳೇ. ಗುರುವಾರ ಗುರುವಾರ ಮಧ್ಯಾಹ್ನ ಅಂಗಡಿ ಮುಚ್ಚಿ ಸುಕ್ ಹಿಂಗ್ ಬರುತ್ತಿದ್ದಳು, ಕ್ಯಾಂಟೀನಿನಲ್ಲಿ ನನ್ನೆದುರು ಕೂತು ಕಣ್ಣು ಮುಚ್ಚುತ್ತಿದ್ದಳು. ಇಂಗ್ಲಿಷು ಬಿಟ್ಟಿದ್ದಳು. "ಏನಾದ್ರೂ ಮಾತಾಡು" ಎನ್ನುವಳು. ನಾನು ಬಾಯಿಗೆ ಬಂದದ್ದು ಹೇಳುತ್ತಿದ್ದೆ. "ಬಸ್ಸಽ ಬರಲಿಲ್ಲವಾ ಇವತ್ತ. ನಡದ ನಡದ ಕಾಲ ಸೋತ ಸುಣ್ಣ ಆಗ್ಯಾವ ನೋಡ." ಅವಳು ಕಣ್ಣು ಮುಚ್ಚಿಕೊಂಡೇ, "ಮತ್ತೆ ಟ್ಯಾಕ್ಸಿ ಹಿಡಿಬಾರದಾಗಿತ್ತಾ ಅಮ್ಮಾ," ಎಂದುಬಿಡುತ್ತಿದ್ದಳು. ಅಂದದ್ದು ಅವಳಿಗೇ ಗೊತ್ತಾಗುತ್ತಿತ್ತೋ ಇಲ್ಲವೋ. ನಾನು ತಿದ್ದಲಿಲ್ಲ.

ಆದರೆ ಆರು ತಿಂಗಳಿನ ಪರೀಕ್ಷೆ ಇತ್ತಲ್ಲ. ಮೂವರು ಅಧಿಕಾರಿಗಳ ಮುಂದೆ ಶುದ್ಧವಾಗಿ ಮಾತಾಡಬೇಕು. ಕೆಳಗಿಳಿದವರಿಗೆ ಪಾಠ ಹೇಳುತ್ತಿದ್ದವರೂ ಫುಂಗ್ ಮೇಷ್ಟ್ರೇ. ಮೊದಲ ದಿನವೇ, "ಕಳೆದ ಸಲ ನಿನಗೆ ಕಥೆ ಅರ್ಥವಾಗಿತ್ತು. ಅರ್ಥವಾಗದವರ ಮುಖ ಬೆಪ್ಪಾಗಿರುತ್ತೆ, ಕಲ್ಲಾಗಿರಲ್ಲ," ಎಂದರು. ಮತ್ತೆ ಫೇಲ್ ಯಾಕೆ ಬರೆದಿರಿ ಎಂದೆ. "ನನ್ನ ತಾಯಿ ಎಂಟನೇ ಮಹಡಿಯಲ್ಲಿ ನಾಲ್ಕು ವರ್ಷ ಇದ್ದಳು, ಕಲಿಯೋ ನರ್ಸು ಒಬ್ಬಳೂ ಸಿಗಲಿಲ್ಲ," ಎಂದು ಪುಸ್ತಕ ತೆರೆದರು. ಒಳ್ಳೆಯ ಮೇಷ್ಟ್ರು. ನನ್ನ ಒಂದೊಂದು ಮಾತನ್ನೂ ಹಿಡಿದು, ಹೀಗಲ್ಲ ಹಾಗೆ ಎಂದು ತಿದ್ದಿದರು. ಎಳೆಯುವುದನ್ನು ಕತ್ತರಿಸಿದರು, ನುಂಗಿದ್ದನ್ನು ಹೊರಗೆ ತೆಗೆಸಿದರು. ನಾನು ಜಾಣೆಯ ಹಾಗೆ ಯೋಚಿಸಿದೆ, ಪರೀಕ್ಷೆಗೆ ಮೇಷ್ಟ್ರ ಮಾತು, ಗುರುವಾರಕ್ಕೆ ಪೋಪೋ ಮಾತು, ಎರಡನ್ನೂ ಇಟ್ಟುಕೊಂಡರಾಯಿತು ಎಂದು. ಒಂದು ಬಾಯಲ್ಲಿ ಎರಡನ್ನೂ ಸಾಕಬಹುದು ಎಂದು.

ಪಾಸಾದೆ. ಒಳ್ಳೆಯ ಅಂಕ ಬಂತು. ಸಲೋಮಿ ಅಪ್ಪಿಕೊಂಡು, "ಈಗ ಯಾರ್ ಬಂದ್ರೂ ನಿನಗ ಊರಿಗಿ ಕಳಸಲಾಕ ಆಗಲ್ದು ನೋಡ್," ಎಂದು ಕುಣಿದಾಡಿದಳು. ಪರೀಕ್ಷೆಯ ತಿಂಗಳು ಬಿಡುವು ಸಿಗದೆ ಗುರುವಾರಗಳು ತಪ್ಪಿಹೋಗಿದ್ದವು. ಐದು ವಾರದ ಮೇಲೆ ಸುಕ್ ಹಿಂಗ್ ಬಂದಳು, ಎದುರು ಕೂತಳು, ಕಣ್ಣು ಮುಚ್ಚಿದಳು.

"ಏನಾದ್ರೂ ಮಾತಾಡು."

"ಇಂದು ಬಸ್ಸು ತಡವಾಗಿ ಬಂದಿತು," ಎಂದೆ. "ಆದ್ದರಿಂದ ನಾನು ನಡೆದುಕೊಂಡೇ ಬಂದೆನು. ತಾವು ಊಟ ಮಾಡಿದಿರಾ?"

ಅವಳ ರೆಪ್ಪೆ ಅದುರಿತು, ಕಣ್ಣು ತೆರೆಯಲಿಲ್ಲ. ನನಗೂ ತಿಳಿಯಿತು. ಹಿಂದಿನದನ್ನು ಹುಡುಕಿದೆ. ಪದಗಳೆಲ್ಲ ಇದ್ದವು, ಎಳೆತ ಸಿಗಲಿಲ್ಲ. ಬೇಕೆಂದು ಎಳೆದೆ, ನಾಟಕದವರು ಮುದುಕಿಯ ವೇಷ ಹಾಕಿ ಮಾತಾಡಿದ ಹಾಗೆ ಕೇಳಿಸಿತು. ನಾಚಿಕೆಯಾಗಿ ನಿಲ್ಲಿಸಿದೆ. ಅವಳು ಇನ್ನೂ ಸ್ವಲ್ಪ ಹೊತ್ತು ಹಾಗೇ ಕಣ್ಣು ಮುಚ್ಚಿ ಕಾದಳು. ಆಮೇಲೆ ಕಣ್ಣು ತೆರೆದು, ಮೊದಲ ಸಲ ನೋಡುತ್ತಿರುವವಳ ಹಾಗೆ ನನ್ನನ್ನು ನೋಡಿ, ಸಭ್ಯವಾಗಿ ನಕ್ಕಳು.

"ನಿಮ್ಮ ಭಾಷೆ ಈಗ ತುಂಬ ಚೆನ್ನಾಗಿದೆ ಸಿಸ್ಟರ್," ಎಂದಳು.

ಎದ್ದು ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡಳು. ಕ್ಯಾಂಟೀನಿನ ಬಾಗಿಲವರೆಗೆ ಹೋದವಳು ಅಲ್ಲೇ ನಿಂತು ಚೌಕಟ್ಟು ಹಿಡಿದುಕೊಂಡಳು. ಅಮ್ಮ ಹೋದ ದಿನ ಅಳದಿದ್ದವಳು ಅಷ್ಟು ಜನರ ಮುಂದೆ ದನಿ ತೆಗೆದು ಅತ್ತಳು. ಪಕ್ಕದ ಮೇಜಿನವರು ಎದ್ದು ಹೋಗಿ, ಯಾರದಮ್ಮ, ಯಾರದು ತಲುಪಿತು ಎಂದು ಅವಳ ಭುಜ ಹಿಡಿದು ಕೇಳುತ್ತಿದ್ದರು.